ಸಾವಿನ ಮನೆಯ ಇಂಗ್ಲಿಷು

ಮಹೇಶ್ವರಿಯ ಇಂಗ್ಲಿಷು ಲಿಂಗಸುಗೂರಿನ ಕೋಚಿಂಗ್ ಕ್ಲಾಸಿನದು. ಇಂಗ್ಲಿಷಿನವರು ಯಾವ ಹೊತ್ತಿಗೆ ಏನನ್ನುತ್ತಾರೆ ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಉರು ಹೊಡೆದಿದ್ದಳು. ಗೊರೇಬಾಳದ ಬೀಜದ ಕಂಪನಿಗೆ ಸೇರಿದ ವಾರವೇ, ಚಹಾ ಬೇಡವೆನ್ನಲು ‘ನಾಟ್ ಮೈ ಕಪ್ ಆಫ್ ಟೀ’ ಎಂದುಬಿಟ್ಟಳು. ಅದು ‘ನನಗೆ ಹಿಡಿಸದ ಸಂಗತಿ’ ಎನ್ನಲು ಆಡುವ ಮಾತು, ಚಹಾಕ್ಕೆ ಸಂಬಂಧವಿಲ್ಲ. ಲಂಡನ್ನಿನಿಂದ ಬಂದಿದ್ದ ಮೇಲಧಿಕಾರಿ ಹೆಲೆನ್ ಮೇಡಂ ನಕ್ಕರು; ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಅವತ್ತಿನಿಂದ ಮಹೇಶ್ವರಿ ಬಾಯಿ ಬಿಡುವ ಮುಂಚೆ ಹತ್ತು ಸಲ ಯೋಚಿಸುತ್ತಿದ್ದಳು.

ಕಂಪನಿಯ ಭತ್ತದ ಗದ್ದೆ ನೋಡಿಕೊಳ್ಳುತ್ತಿದ್ದ ಹುಲಿಗೇಶ ಮಸ್ಕಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಮೂರನೆಯ ದಿನ ಮೇಡಂ ಮತ್ತು ಮ್ಯಾನೇಜರ್ ಆನಂದಕುಮಾರ ಪಾಮನಕಲ್ಲೂರಿನ ಅವನ ಮನೆಗೆ ಬಂದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸಿ ಹೇಳಲು ಮಹೇಶ್ವರಿಯೂ ಜೊತೆಗಿದ್ದಳು. ಕಂಬಳಿಯ ಮೇಲೆ ಅವನ ತಾಯಿ ಕರೆಮ್ಮ ಕೂತಿದ್ದಳು. ಹೆಂಡತಿ, ತೊಡೆಯ ಮೇಲೆ ಕೂಸು ಹಾಕಿಕೊಂಡು ಗೋಡೆಗೆ ಒರಗಿದ್ದಳು. ಇನ್ನೂ ಇಪ್ಪತ್ತೊಂದು ದಾಟದ ಹುಡುಗಿ.

ಏಳುವಾಗ ಮೇಡಂ ಕರೆಮ್ಮನ ಕೈ ಹಿಡಿದು, ಏನೇ ಬೇಕಿದ್ದರೂ ನನಗೆ ಹೇಳಿ ಎಂದರು. ಆ ಮಾತು ಮಹೇಶ್ವರಿಯ ನೋಟ್‌ಬುಕ್ಕಿನಲ್ಲೇ ಇತ್ತು. ಸಾವಿನ ಮನೆಯಲ್ಲಿ ಆಡುವ ಮಾತು, ಅದಕ್ಕೆ ಉತ್ತರ ‘ಥ್ಯಾಂಕ್ಯೂ’. ಆಡಿದವರೂ ಮರೆಯುತ್ತಾರೆ, ಕೇಳಿದವರೂ ಮರೆಯುತ್ತಾರೆ. ನಮ್ಮ ಕಡೆ ಹಾಗಲ್ಲ. ಸತ್ತವರ ಮನೆಗೆ ರೊಟ್ಟಿ ಬುತ್ತಿ ತಂದವರು ಸುಮ್ಮನೆ ಕೂತು, ಸುಮ್ಮನೆ ಎದ್ದು ಹೋಗುತ್ತಾರೆ. ಅಲ್ಲಿ ಬಾಯಿ ಬಿಟ್ಟು ಅಂದವರು ನಡೆಸಿಕೊಡಲೇಬೇಕು. ಮಹೇಶ್ವರಿ ಅವಸರದಲ್ಲಿ ಇದ್ದದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿಬಿಟ್ಟಳು.

ಕರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಮ್ಮ ಹೊಟ್ಟಿ ತಣ್ಣಗಿರಲಿ ಯವ್ವಾ. ಅವನ ಕೆಲಸ ನನ್ನ ಸೊಸಿಗೆ ಕೊಡ್ರಿ. ಪಿಯುಸಿ ಓದ್ಯಾಳ. ಬ್ಯಾರೆ ಏನೂ ಬ್ಯಾಡ.”

“ಅದನ್ನ ಹೇಳಬ್ಯಾಡ,” ಆನಂದಕುಮಾರ ಮಹೇಶ್ವರಿಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. “ಥ್ಯಾಂಕ್ಸ್ ಹೇಳಾಕತ್ತಾಳ ಅಂದುಬಿಡು. ಮುಂದಿನ ತಿಂಗಳು ನೀನೂ ಪರ್ಮನೆಂಟ್ ಆಗೋದೈತಿ, ನೆನಪಿರಲಿ.”

ಮಹೇಶ್ವರಿ ಅವನಿಂದ ಸರಿದು ನಿಂತಳು. ತನ್ನ ಬಾಯಿಂದ ಬಂದ ಮಾತಿಗೆ ಈ ತಾಯಿ ಆಸೆ ಕಟ್ಟಿಕೊಂಡಿದ್ದಾಳೆ. ಕರೆಮ್ಮ ಕೇಳಿದ್ದನ್ನು ಒಂದಕ್ಷರ ಬಿಡದೆ ಮೇಡಂಗೆ ಹೇಳಿದಳು. ಮೇಡಂ ಅವರ ಮುಖ ಕೆಂಪಾಯಿತು. ಅದನ್ನೆಲ್ಲ ಆಫೀಸು ನೋಡಬೇಕು, ನಾನು ಸುಮ್ಮನೆ ಅಂದೆ ಎಂದು ತಡವರಿಸಿದರು.

“ಯೂ ಗೇವ್ ಹರ್ ಯುವರ್ ವರ್ಡ್, ಮೇಡಂ.”

ನೀವು ಮಾತು ಕೊಟ್ಟಿದ್ದೀರಿ ಎಂದಿದ್ದಳು ಮಹೇಶ್ವರಿ. ಹುಡುಕಿ ಆಡಿದ್ದಲ್ಲ, ಉರು ಹೊಡೆದದ್ದೂ ಅಲ್ಲ. ತನ್ನ ತಾಯಿಯ ಎದುರು ಜಗಳಾಡುವಾಗ ಕನ್ನಡ ಬಂದ ಹಾಗೆ ಬಂದಿತ್ತು. ಆನಂದಕುಮಾರ ಮುಖ ತಿರುಗಿಸಿ ಹೊರಗೆ ಹೋದ.

ಮೇಡಂ ಕರೆಮ್ಮನ ಪಕ್ಕ ಮತ್ತೆ ಕಂಬಳಿಯ ಮೇಲೆ ಕೂತು, ಬ್ಯಾಗಿನಿಂದ ಪೆನ್ನು ತೆಗೆದು ಏನೋ ಕೇಳಿದರು.

“ಏನಂತಾರವ್ವ?” ಎಂದಳು ಕರೆಮ್ಮ.

“ಸೊಸಿ ಹೆಸರು ಕೇಳಾಕತ್ತಾರ ಯವ್ವಾ.”

“ಪ್ರಿಯಾಂಕಾ,” ಎಂದು ಗೋಡೆಯ ಕಡೆಯಿಂದ ದನಿ ಬಂತು. “ಪ್ರಿಯಾಂಕಾ, ಗಂಡ ಹುಲಿಗೇಶ ಅಂತ ಬರಕೊಳ್ರಿ.” ಗಂಡನ ಹೆಸರು ಬಾಯಿಂದ ಹೊರಟಿದ್ದೇ ತಡ, ಕೂಸನ್ನು ಎದೆಗವಚಿಕೊಂಡು ಗಟ್ಟಿಯಾಗಿ ಅತ್ತಳು.