ಎಡಗೈಯ ಸರದಿ

"ಬಲಗೈ ಹೇಳಿದ್ದು ಕೇಳಿಸ್ತು. ಎಡಗೈ ಎಲ್ಲಿ ಹೋತವಾ?" ಅಜಿತ ಸರ್ ಕೇಳಿದರು.

ಸ್ನೇಹಲ್ ಕೀಬೋರ್ಡಿನ ಮೇಲಿದ್ದ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. ಬೈಲಹೊಂಗಲದ ಪೇಟೆಯಲ್ಲಿ, ಅರಿವೆ ಅಂಗಡಿಯ ಮೇಲಿನ ಆ ಸಂಗೀತ ತರಗತಿಯ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಉಮಾಶ್ರೀ ತಲೆಯೆತ್ತಿದಳು. ಮಗಳ ಎಡಗೈ ಎಲ್ಲಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಸ್ನೇಹಲ್‌ಗೆ ಹುಟ್ಟಿನಿಂದಲೂ ಎಡಗೈಯೇ ಮುಂದು. ಅವಳು ಆಯಿ ಎಂದು ಕರೆಯುವ ಅಜ್ಜಿ ಸಾವಿತ್ರೆವ್ವ ಅದನ್ನು ಬಿಡಿಸಿದ್ದಳು. ಎಡಗೈಯಲ್ಲಿ ತುತ್ತೆತ್ತಿದರೆ ಕೈಮೇಲೊಂದು ಪೆಟ್ಟು. ಎಡಗೈ ಚಾಚಿದರೆ ಪ್ರಸಾದವಿಲ್ಲ. ಈಗ ಊಟಕ್ಕೆ ಕೂತರೆ ಹುಡುಗಿ ತಾನಾಗಿಯೇ ಆ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂರುತ್ತಾಳೆ.

"ಸಿನಿಮಾ ಹಾಡಿಗೆ ಇಷ್ಟ ಸಾಕಾಗಿತ್ತರಿ ಅಕ್ಕಾರ," ಎಂದರು ಸರ್. "ಬಲಗೈ ಹಾಡೂದು, ಎಡಗೈ ಸುಮ್ನ ಸುರ ಹಿಡಕೊಂಡು ಕುಂಡ್ರೂದು. ಆದ್ರ ಇದು ಯುರೋಪಿನ ಬರೋಕ್ ಕಾಲದ್ದು, ಮುನ್ನೂರು ವರ್ಷದ ಹಿಂದಿಂದು. ಇದರಾಗ ಎರಡೂ ಕೈ ಸಮಾ. ಬಲಗೈ ಒಂದು ಮಾತ ಆಡ್ತು ಅಂದ್ರ, ಅದ ಮಾತ ಎಡಗೈನೂ ಆಡಬೇಕು. ಅಷ್ಟರಾಗ ಬಲಗೈ ಮುಂದಿನ ಮಾತಿಗೆ ಹೋಗಿರತೈತಿ. ಇಕಿ ಎಡಗೈಲೆ ಮೆಲ್ಲಕ ಮುಟ್ಟಿ ಮುಚ್ಚಿಡತಾಳ. ಬರೂ ಶನಿವಾರ ಅದು ಕೇಳಿಸಲಿಲ್ಲ ಅಂದ್ರ ಬೆಳಗಾವಿ ಪರೀಕ್ಷಾಕ್ಕ ಹೆಸರ ಕೊಡಂಗಿಲ್ರಿ."

ಸ್ನೇಹಲ್ ತುಟಿ ಕಚ್ಚಿದಳು. ಆ ಪರೀಕ್ಷೆಗೆಂದು ಅವಳು ಅಜ್ಜನೂರಿನ ಮದುವೆಯನ್ನೂ ಬಿಟ್ಟಿದ್ದಳು.

"ಕೇಳಿಸತೈತ್ರಿ ಸರ್," ಎಂದಳು ಉಮಾಶ್ರೀ, ಸೊಪ್ಪಿನ ಚೀಲದ ಬಾಯಿ ಕಟ್ಟುತ್ತ. "ಅಕಿ ಬೆರಳಿನಾಗ ಐತಿ. ಹೊರಗ ಬರಬೇಕಷ್ಟ."

ಸರ್ ಕೀಬೋರ್ಡಿನ ಒಂದು ಗುಂಡಿ ತೋರಿಸಿದರು. ಹಾರ್ಪ್ಸಿಕಾರ್ಡ್ ಎಂಬ ಹಳೆಯ ವಾದ್ಯದ ದನಿ. ತಂತಿ ಮೀಟಿದ ಹಾಗೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸಪ್ಪಳ ಒಂದೇ. "ಮನ್ಯಾಗ ಇದನ್ನ ಹಾಕಿ ಬಾರಸಾಕ ಹಚ್ರಿ. ಅಡಗಿಕೊಳ್ಳಾಕ ಇದರಾಗ ಜಾಗಾನ ಇಲ್ಲ."

ಮರುದಿನ ಮುಂಜಾನೆ ಮುರಗೋಡದ ಮನೆಯಲ್ಲಿ ಸಾವಿತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು, ಉಮಾಶ್ರೀ ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಳು. ಪಡಸಾಲೆಯಿಂದ ನಾಲ್ಕು ಸ್ವರ ಕೇಳಿಬಂದು, ಅಷ್ಟಕ್ಕೇ ನಿಂತವು.

"ಮಮ್ಮಿ, ಭಾಳ ಜೋರ ಬರಾಕತ್ತೈತಿ. ಆಯಿಗೆ ಕೇಳತೈತಿ!"

"ಕೇಳಲಿ. ಬಾರಸು."

ಸಾವಿತ್ರೆವ್ವ ಹುಬ್ಬು ಗಂಟಿಕ್ಕಿದಳು. "ಎರಡೂ ಕೈಲೆ ಬಾರಸಾಕ ಹಚ್ಚೀಯೇನ ಅಕೀಗೆ?"

"ಹೂಂರಿ ಅತ್ತಿ. ಪರೀಕ್ಷಾದಾಗ ಎರಡಕ್ಕೂ ಕೆಲಸ ಐತಿ."

"ಎಡಗೈ ಕೆಲಸ ತಿರಗಸೂದು. ಇಲ್ನೋಡು." ಮುದುಕಿಯ ಬಲಗೈ ಪಟಪಟನೆ ಬಡಿಯಿತು, ಎಡಗೈ ಅಂಚು ಹಿಡಿದು ರೊಟ್ಟಿಯನ್ನು ತಿರುಗಿಸುತ್ತ ಹೋಯಿತು.

"ಇದರಾಗ ಎರಡೂ ಬಡಿತಾವ್ರಿ."

"ಎರಡೂ ಬಡದ್ರ ರೊಟ್ಟಿ ಹರೀತೈತಿ."

"ಹರದ್ರ ನಾ ತಿಂತೇನ್ರಿ," ಉಮಾಶ್ರೀ ನಕ್ಕಳು. ಆಮೇಲೆ ರೊಟ್ಟಿ ಮಗುಚಿ, ಅದೇ ದನಿಯಲ್ಲಿ ಹೇಳಿದಳು: "ಅತ್ತಿ, ಅಕಿ ತೊಡಿ ಕೆಳಗಿನ ಕೈ ಇನ್ನ ಹೊರಗ ಬರ್ಲಿ. ನೀವು ಬಯ್ಯಬ್ಯಾಡ್ರಿ."

ಸಾವಿತ್ರೆವ್ವ ಮುಂದಿನ ರೊಟ್ಟಿ ಬಡಿಯತೊಡಗಿದಳು. ಪಡಸಾಲೆಯಲ್ಲಿ ಹಾಡು ಮತ್ತೆ ಶುರುವಾಯಿತು. ಮೇಲಿನ ದನಿ ಒಂದು ಸಾಲು ನುಡಿಯಿತು, ಕೊನೆಯ ಪುಟ್ಟ ಸ್ವರಕಂಪನದಲ್ಲಿ ತುಸು ತಡವರಿಸಿ ಮುಂದೆ ಓಡಿತು. ಅದರ ಬೆನ್ನಿಗೇ ಕೆಳಗಿನಿಂದ ಅದೇ ಸಾಲು ಎದ್ದಿತು, ದುಂಡಗೆ, ಅವಸರವಿಲ್ಲದೆ. ಕಂಪನ ನೀರಿನ ಹಾಗೆ ಹರಿದುಹೋಯಿತು. ರೊಟ್ಟಿಯ ಸಪ್ಪಳ ನಿಂತಿತು.

"ಕೆಳಗಿನ ದನಿ ಛಲೋ ಐತೆಲ್ಲಾ," ಎಂದಳು ಸಾವಿತ್ರೆವ್ವ. "ಮದುವ್ಯಾಗ ಸನಾದಿ ಊದಾವ್ರಗತೆ ನುಣ್ಣಗ ಹೊಳ್ಳಸತೈತಿ. ಮ್ಯಾಲಿಂದು ಮುಗ್ಗರಸತೈತಿ."

"ಕೆಳಗಿಂದು ಎಡಗೈರಿ ಅತ್ತಿ."

ಸಾವಿತ್ರೆವ್ವ ಹಿಟ್ಟು ಹತ್ತಿದ ತನ್ನ ಕೈಗಳ ಕಡೆ ನೋಡಿದಳು. ಹಾಡು ಕೊನೆ ಮುಟ್ಟುವತನಕ ಹಾಗೇ ಕೂತಿದ್ದಳು. ಆಮೇಲೆ, "ಹಂಚ ನೋಡ, ಹೊಗಿ ಬರಾಕತ್ತೈತಿ," ಎಂದು ಇನ್ನೊಂದು ಉಂಡೆ ತೆಗೆದುಕೊಂಡಳು.

ಮಧ್ಯಾಹ್ನ ಸ್ನೇಹಲ್ ಊಟಕ್ಕೆ ಕೂತಳು, ಮನಸ್ಸೆಲ್ಲ ಹಾಡಿನಲ್ಲೇ ಇತ್ತು. ಬಲಗೈ ರೊಟ್ಟಿ ಮುರಿಯುತ್ತಿದ್ದರೆ ಎಡಗೈ ಯಾವಾಗಲೋ ತೊಡೆಯ ಕೆಳಗಿನಿಂದ ಹೊರಬಂದು, ತಾಟಿನ ಪಕ್ಕ ನೆಲದ ಮೇಲೆ ಬೆರಳಾಡಿಸುತ್ತಿತ್ತು. ಉಮಾಶ್ರೀ ಅದನ್ನು ನೋಡಿ, ತನ್ನ ತಾಟಿಗೆ ರೊಟ್ಟಿ ಹಾಕಿಕೊಂಡಳು.

ಮೆಂತ್ಯೆ ಪಲ್ಯದ ಬೋಗುಣಿ ಹಿಡಿದು ಬಂದ ಸಾವಿತ್ರೆವ್ವನ ನೆರಳು ತಾಟಿನ ಮೇಲೆ ಬಿತ್ತು. ಬೆರಳುಗಳು ಥಟ್ಟನೆ ನಿಂತವು.

ಸಾವಿತ್ರೆವ್ವ ಪಲ್ಯ ಬಡಿಸಿದಳು. ಬಗ್ಗಿ, ಬೆರಳುಗಳಿಗೆ ತಾಗುವಂತಿದ್ದ ನೀರಿನ ಲೋಟವನ್ನು ಎತ್ತಿ ತಾಟಿನ ಆಚೆ ಬದಿಗಿಟ್ಟು, ಒಳಗೆ ಹೋದಳು.

ತುಸು ಹೊತ್ತಿಗೆ ಬೆರಳುಗಳು ಖಾಲಿಯಾದ ಆ ಜಾಗಕ್ಕೂ ಹರಡಿಕೊಂಡು ಆಡತೊಡಗಿದವು.