ಹಳ್ಳದ ಬಸವಣ್ಣನ ಮೊಣಕಾಲು

ಸುಳ್ಳದ ಹಳ್ಳದ ದಂಡೆಗೆ ಒಬ್ಬ ಬಸವಣ್ಣ ಇದ್ದಾನೆ. ಕರಿಕಲ್ಲಿನವನು, ಕಾಲು ಮಡಚಿ ಕೂತವನು. ಅವನಿಗೆ ಗುಡಿಯಿಲ್ಲ, ಚಾವಣಿಯಿಲ್ಲ. ಯಾರು ಕಡೆದರೋ, ಯಾವ ಕಾಲಕ್ಕೆ ತಂದಿಟ್ಟರೋ ಊರ ಹಿರಿಯರಿಗೂ ಗೊತ್ತಿಲ್ಲ. ಮೊರಬದ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ದಾರಿ ಹಳ್ಳಕ್ಕೆ ಇಳಿದು, ಹಾಸುಗಲ್ಲಿನ ಮೇಲೆ ಹಾದು, ಸೀದಾ ಅವನ ಎದುರಿಗೇ ದಂಡೆ ಏರುತ್ತದೆ. ಈ ದಾರಿ ತುಳಿಯುವವರಿಗೆ ಅವನು ದೇವರೂ ಹೌದು, ನೀರಿನ ಅಳತೆಯೂ ಹೌದು. ಹಳ್ಳ ಅವನ ಮಡಚಿದ ಮೊಣಕಾಲು ಮುಟ್ಟಿದರೆ ಎತ್ತಿನ ಗಾಡಿ ದಾಟಬಹುದು. ಕೊರಳ ಗಂಟೆ ಮುಟ್ಟಿದರೆ ಗಾಡಿ ನಿಲ್ಲಬೇಕು, ಲಾರಿ ಮಾತ್ರ ದಾಟಬಹುದು. ಕಿವಿ ಮುಟ್ಟಿದರೆ ಯಾರೂ ಇಳಿಯುವಂತಿಲ್ಲ. ಬುತ್ತಿ ಬಿಚ್ಚಿ ಉಂಡು, ನೀರು ತಾನಾಗಿ ಇಳಿಯುವ ತನಕ ದೇವರ ಹೆಸರು ಹೇಳುತ್ತ ಕೂಡಬೇಕು. ಹೀಗೆ ಎಷ್ಟೋ ತಲೆಮಾರು ನಡೆದುಬಂದಿತ್ತು. ಅವನ ಮಾತು ನಂಬಿ ಕೆಟ್ಟವರ ಕಥೆಯನ್ನು ಯಾರೂ ಕೇಳಿರಲಿಲ್ಲ.

ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದೇ ಊರಾಗುತ್ತವಂತೆ ಎಂದು ಜನ ಕಟ್ಟೆಯ ಮೇಲೆ ಕೂತು ವಾದಿಸುತ್ತಿದ್ದ ಕಾಲ ಅದು. ವಿದ್ಯಾನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಅಂಥದೊಂದು ಮನೆಯ ನೆಲಕ್ಕೆಂದು ಮಕಬೂಲಸಾಬ ಬಾಗಲಕೋಟೆ ಕಡೆಯಿಂದ ಪರಸಿಕಲ್ಲಿನ ಚಪ್ಪಡಿ ಹೇರಿಕೊಂಡು ಬರುತ್ತಿದ್ದ. ಅವನದು ಹಳೆಯ ಬೆಡ್‌ಫರ್ಡ್ ಲಾರಿ. ವರ್ಷದ ಮೇಲಾಯಿತು, ಬರೀ ಗದಗಿನ ರಸ್ತೆಯಲ್ಲೇ ತಿರುಗಿದ್ದ. ಹಳೆಯ ಸುಳ್ಳದ ದಾರಿಯನ್ನು ಮತ್ತೆ ಹಿಡಿದದ್ದು ಅಂದೇ. ಹಿಂದೆ ಕಲ್ಲಿನ ಮೇಲೆ ಕೂತವನು ಮುರುಗೆಪ್ಪ, ಹುಬ್ಬಳ್ಳಿಯ ಹಮಾಲ, ಕಲ್ಲು ಹೇರಿ ಇಳಿಸುವವನು.

ಮೊರಬದಲ್ಲಿ ಒಬ್ಬ ಮುದುಕಿ ಕೈ ಮಾಡಿದಳು. ಸುಳ್ಳದ ಮುದಕವ್ವ. ಬಗಲಲ್ಲಿ ವರ್ಷ ತುಂಬಿದ ಕೂಸು.

"ನಮ್ಮೂರ ತನಕ ಬಿಡತೀಯೇನೋ ತಮ್ಮಾ?"

"ಹತ್ತ ಯವ್ವಾ. ಕೂಸು ಯಾರದು?"

"ಮಗಳ ಮಗಳು. ಯಂಕವ್ವ ಅಂತ. ಹಾಲ ಬಿಡಸಾಕ ಒಯ್ಯಾಕತ್ತೇನಿ. ಅವ್ವ ಕಣ್ಣಿಗೆ ಬಿದ್ರ ಬಿಡವಲ್ದು ನೋಡು. ಬೇವಿನ ರಸ ಹಚ್ಚಿದ್ರ ಅದನ್ನೂ ಚೀಪತೈತಿ."

ಹಿಂದಿನಿಂದ ಮುರುಗೆಪ್ಪ ಬಗ್ಗಿ ನೋಡಿದ. "ಬೇವ ಸೈತ ಸಿಹಿ ಹತ್ತತೈತಿ ಅಂದ್ರ ಇಕಿ ಅತ್ತಿಮನ್ಯಾಗ ಛಲೋ ಬಾಳೇ ಮಾಡತಾಳ ಬಿಡು."

"ನಿನ್ನಂಥಾ ಗಂಡ ಸಿಕ್ರೂ ಮಾಡತಾಳ," ಎಂದಳು ಮುದಕವ್ವ. ಲಾರಿ ಹೊರಟಿತು.

ಮಗಳು ಬಾಗಿಲಲ್ಲಿ ನಿಂತು ಹೇಳಿದ ಮಾತು ಮುದಕವ್ವನ ಕಿವಿಯಲ್ಲಿ ಇನ್ನೂ ಇತ್ತು. 'ಅವ್ವಾ, ಕೂಸು ಜ್ವಾಕಿ.' ಅಷ್ಟೇ ಅಂದಿದ್ದಳು. ಈ ಕೂಸಿನ ಹಿಂದಿನ ಎರಡು ಉಳಿದಿರಲಿಲ್ಲ. ಎಂಟು ದಿನಕ್ಕೆ ಹಾಲು ಮರೆಸಿ, ಹೆಂಗ ಒಯ್ದೇನೋ ಹಂಗ ತಂದು ನಿನ್ನ ಉಡ್ಯಾಗ ಹಾಕತೇನಿ ಎಂದು ಮುದಕವ್ವ ಮಾತು ಕೊಟ್ಟು ಬಂದಿದ್ದಳು. ದಾರಿಯುದ್ದಕ್ಕೂ ಸೆರಗಿನೊಳಗೆ ಕೈಯಿಟ್ಟು ಕೂಸಿನ ಎದೆ ಏರಿ ಇಳಿಯುವುದನ್ನು ನೋಡಿಕೊಳ್ಳುತ್ತಿದ್ದಳು.

ಹಳ್ಳಕ್ಕೆ ಬಂದಾಗ ಬಿಸಿಲು ಇನ್ನೂ ಇತ್ತು. ತಲೆಯ ಮೇಲೆ ಒಂದು ಮೋಡವಿಲ್ಲ, ಎರೆಹೊಲದ ನೆಲ ಒಣಗಿ ಬಿರಿದಿದೆ. ಆದರೆ ಹಳ್ಳ ತುಂಬಿ ಹರಿಯುತ್ತಿತ್ತು. ಮೇಲೆ ಎಲ್ಲೋ ಮಳೆಯಾಗಿತ್ತು. ಯಾರದೋ ಹೊಲದ ಮಣ್ಣು, ಯಾರದೋ ಬಣವೆಯ ಕಣಿಕೆ ಹೊತ್ತು ಕಪ್ಪು ನೀರು ಹೋಗುತ್ತಿತ್ತು.

ಮಕಬೂಲಸಾಬ ಇಳಿದು ದಂಡೆಗೆ ನಿಂತ. ಆಚೆ ದಂಡೆಯಲ್ಲಿ ಬಸವಣ್ಣ ಎಂದಿನಂತೆ ಇತ್ತಲೇ ಮುಖ ಮಾಡಿ ಕೂತಿದ್ದ. ನೀರು ಅವನ ಮೊಣಕಾಲನ್ನು ಆಗೀಗ ಮುಟ್ಟಿ ಹಿಂದೆ ಸರಿಯುತ್ತಿತ್ತು.

"ಮಣಕಾಲ ಮುಟ್ಟೇತಿ. ಗಾಡಿ ದಾಟು ನೀರು," ಎಂದ.

ಆದರೂ ಅವನು ತಟಕ್ಕನೆ ತಿರುಗಲಿಲ್ಲ. ಹಾಸುಗಲ್ಲಿನ ಮೇಲೆ ತೆಳ್ಳಗೆ ಹರಿಯುವ ನೀರು ಶಾಲೆ ಬಿಟ್ಟ ಮಕ್ಕಳಂತೆ ಗದ್ದಲ ಮಾಡುತ್ತದೆ. ಇವತ್ತು ಹಳ್ಳ ಸದ್ದಿಲ್ಲದೆ ಹೋಗುತ್ತಿತ್ತು. ಅದು ಅವನ ಮನಸ್ಸಿಗೆ ಬಂತು. ಆದರೆ ಕಿವಿಗಿಂತ ಕಣ್ಣು ದೊಡ್ಡದು, ಕಣ್ಣಿಗಿಂತ ಬಸವಣ್ಣ ದೊಡ್ಡವನು ಎಂದುಕೊಂಡ. ಬಾನೆಟ್ ಎತ್ತಿ ಫ್ಯಾನಿನ ಪಟ್ಟಿ ಬಿಚ್ಚಿಟ್ಟ, ಇಲ್ಲದಿದ್ದರೆ ಫ್ಯಾನು ನೀರು ಎತ್ತಿ ಎಂಜಿನ್ನಿಗೇ ಹೊಡೆಯುತ್ತದೆ. ಮುಂದಿನ ಜಾಲರಿಗೆ ಗೋಣಿಚೀಲ ಕಟ್ಟಿದ. ಬಿಸ್ಮಿಲ್ಲಾ ಎಂದು ಮೊದಲನೆಯ ಗೇರಿಗೆ ಹಾಕಿ ಲಾರಿಯನ್ನು ಇಳಿಸಿದ.

ನೀರಿನಲ್ಲಿ ಲಾರಿ ನಡೆಸುವವನಿಗೆ ಒಂದೇ ಕೆಲಸ. ಎಕ್ಸಲರೇಟರಿನ ಮೇಲೆ ಇಟ್ಟ ಕಾಲನ್ನು ಆಚೆ ದಂಡೆ ಸಿಗುವ ತನಕ ಎತ್ತಬಾರದು. ಗೇರು ಬದಲಿಸಬಾರದು. ಕಾಲು ಸಡಿಲಾದರೆ ಸೈಲೆನ್ಸರಿನ ಒಳಗೆ ನೀರು ನುಗ್ಗುತ್ತದೆ, ಎಂಜಿನ್ನು ಸಾಯುತ್ತದೆ. ಹಾಸುಗಲ್ಲು ಕಾಣುವುದಿಲ್ಲವಾದ್ದರಿಂದ ಬಾನೆಟ್ಟಿನ ನಡುವೆ ಎದ್ದು ಕಾಣುವ ರೇಡಿಯೇಟರಿನ ಮುಚ್ಚಳವನ್ನು ಬಸವಣ್ಣನ ಹಣೆಗೆ ಸರಿಯಾಗಿ ಹಿಡಿದು ಹೋಗಬೇಕು.

ನೀರು ಮೊದಲು ಚಕ್ರದ ನಡುಮಟ್ಟಕ್ಕೆ ಬಂತು. ಅದು ಅವನ ಲೆಕ್ಕದ ನೀರೇ. ಇನ್ನು ಏರಲಾರದು ಎಂದುಕೊಂಡ. ಇನ್ನಷ್ಟು ಮುಂದೆ ಹೋದರು. ಚಕ್ರ ಪೂರ್ತಿ ಮುಳುಗಿತು. ಮುದಕವ್ವನ ಕಾಲ ಕೆಳಗಿನ ಹಲಗೆಯ ಸಂದಿಯಿಂದ ನೀರು ಬುಗ್ಗೆಯಂತೆ ಎದ್ದು, ಸುತ್ತಿ, ಅವಳ ಸೀರೆಯ ಅಂಚನ್ನು ಹಿಡಿಯಿತು. ಎಡಗಡೆಯ ಬಾಗಿಲಿಗೆ ಹಳ್ಳ ಭುಜ ಕೊಟ್ಟು ನೂಕುತ್ತಿತ್ತು. ಬಾನೆಟ್ಟಿನ ಮುಂದೆ ನೀರು ಎರಡಾಗಿ ಸೀಳಿ ಗಾಜಿನ ಮಟ್ಟಕ್ಕೆ ಏರಿತು.

ಇದು ಮೊಣಕಾಲಿನ ನೀರಲ್ಲ. ಮಕಬೂಲಸಾಬ ಬಸವಣ್ಣನನ್ನು ನೋಡಿದ. ಅಲ್ಲಿ ನೀರು ಇನ್ನೂ ಮೊಣಕಾಲಿಗೇ ಇತ್ತು. ಹಳ್ಳ ತನ್ನನ್ನು ನುಂಗುತ್ತಿದೆ, ಅವನನ್ನು ಮುಟ್ಟುತ್ತಿಲ್ಲ. ನೀರಿನ ಹೆದರಿಕೆ ಅವನಿಗೆ ಹೊಸದಲ್ಲ. ಆದರೆ ಕಣ್ಣೆದುರಿನ ಗುರುತೊಂದು, ಕಾಲ ಕೆಳಗಿನ ಆಳವೊಂದು ಆದಾಗ ಹುಟ್ಟುವ ಹೆದರಿಕೆ ಬೇರೆ. ಆ ಹೆದರಿಕೆಗೆ ಹಿಡಿದು ನಿಲ್ಲಲು ಏನೂ ಸಿಗುವುದಿಲ್ಲ.

ಮುದಕವ್ವ ಕೂಸನ್ನು ಎದೆಗೆ ಅವುಚಿ ಕಣ್ಣು ಮುಚ್ಚಿದ್ದಳು. "ಯಪ್ಪಾ ಬಸವಣ್ಣಾ, ಈ ಕೂಸಿನ್ನ ದಂಡಿಗೆ ಹಾಕು. ಬರೂ ಶ್ರಾವಣಕ್ಕ ನಿನ್ನ ಕಟ್ಟಿ ಇನ್ನೊಂದು ಮೊಳ ಏರಸ್ತೇನಿ."

ಮಕಬೂಲಸಾಬನ ಕುತ್ತಿಗೆ ತಿರುಗಿತು. ಕಾಲು ಅಲ್ಲೇ ಇತ್ತು. "ಇನ್ನೊಂದು ಮೊಳ ಅಂದ್ರ?"

"ಹ್ವಾದ ವರ್ಷ ಎರಡು ಮೊಳ ಏರಿಸೇವಲ್ಲ. ಸತ್ತ ಎಮ್ಮಿ ತೇಲಿ ಬಂದು ದೇವರ ಮೈಗೆ ಬಡದಿತ್ತು. ಹೊಲಸ ನೀರ ಅವಗ ಮುಟ್ಟಬಾರದಂತ ಊರ ಮಂದಿ ಎಲ್ಲಾ ಕೂಡಿ ಕಲ್ಲ ಮಣ್ಣ ಹೊತ್ತು, ಅವನ್ನ ಎತ್ತಿ, ಅಲ್ಲೇ ಕಟ್ಟಿ ಮಾಡಿ ಅದರ ಮ್ಯಾಲ ಕುಂದ್ರಿಸೇವಿ. ನಾನೂ ಬುಟ್ಟಿ ಹೊತ್ತೇನಿ."

ಕಟ್ಟೆ ನೀರಿನ ಒಳಗಿತ್ತು. ಕಾಣುತ್ತಿದ್ದದ್ದು ಬಸವಣ್ಣ ಮಾತ್ರ.

"ಯವ್ವಾ," ಎಂದ ಮಕಬೂಲಸಾಬ. "ಬ್ಯಾರೇ ಏನಾರ ಹರಕಿ ಹೊರು. ಅದೊಂದು ಬ್ಯಾಡ."

ಹಿಂದಕ್ಕೆ ಹೋಗುವಂತಿರಲಿಲ್ಲ. ಹಿಂದೆ ಗುರುತಿಲ್ಲ, ಗೇರು ತೆಗೆದರೆ ಎಂಜಿನ್ನು ಉಳಿಯುವುದಿಲ್ಲ. ಉಳಿದ ದಾರಿ ಮುಂದಿನದು. ಅದು ಇನ್ನೂ ಅರ್ಧ ಹಳ್ಳ ಇತ್ತು.

ಆಗ ಹಿಂದೆ ಧಡ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಲಾರಿಯ ಹಿಂಭಾಗ ನಿಧಾನಕ್ಕೆ ಬಲಕ್ಕೆ ಜರುಗಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಬಾನೆಟ್ಟಿನ ಮುಚ್ಚಳ ಬಸವಣ್ಣನ ಹಣೆ ಬಿಟ್ಟು ಹೊರಳಿತು.

"ಏನ ಮಾಡಾಕತ್ತಾನ ಅಂವ? ನೋಡ ಯವ್ವಾ, ಲಗೂ."

ಮುದಕವ್ವ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. "ಕಲ್ಲ ಎತ್ತಿ ನೀರಾಗ ಒಗ್ಯಾಕತ್ತಾನ."

ಮುರುಗೆಪ್ಪ ಎರೆಮಣ್ಣಿನ ನಾಡಿನಲ್ಲಿ ಹುಟ್ಟಿದವನು. ಮಳೆಗಾಲದಲ್ಲಿ ಗಾಡಿ ಹೂತರೆ ಮೊದಲು ಮಂದಿ ಇಳಿಯಬೇಕು, ಆಮೇಲೆ ಚೀಲ ಇಳಿಸಬೇಕು, ಎತ್ತಿನ ಹೆಗಲು ಹಗುರ ಮಾಡಬೇಕು ಎಂದು ಕೂಸಿದ್ದಾಗಿನಿಂದ ಕಂಡವನು. ಎಂಜಿನ್ನು ಏದುಸಿರು ಬಿಡುವುದು ಅವನಿಗೆ ಎತ್ತು ಏದುಸಿರು ಬಿಟ್ಟಂತೆ ಕೇಳಿಸಿತ್ತು. ಕರುಣೆಯಿಂದ ಹಗುರ ಮಾಡುತ್ತಿದ್ದ.

"ಒಗೀಬ್ಯಾಡ ಅಂತ ಹೇಳು. ಆ ಕಲ್ಲ ನಮ್ಮನ್ನ ನೆಲಕ್ಕ ಹಿಡದಾವ. ಹಗರಾದ್ರ ಲಾರಿ ತೇಲತೈತಿ."

ಮುದಕವ್ವ ಕೂಸನ್ನು ಒಂದು ಕೈಯಲ್ಲಿ ಬಿಗಿದು, ಇನ್ನೊಂದರಲ್ಲಿ ಬಾಗಿಲು ಹಿಡಿದು, ಹೊಲದಿಂದ ಹೊಲಕ್ಕೆ ಕರೆಯುವ ದನಿಯಲ್ಲಿ ಕೂಗಿದಳು. "ಏ ಹಮಾಲಾ, ಕಲ್ಲ ಇಡೋ. ಕೂಸಿನ ಆಣಿ ನಿನಗ. ಅವುಗಳ ಮ್ಯಾಲ ಬೋರಲ ಬೀಳು, ಏಳಬ್ಯಾಡ."

ಮೂರನೆಯ ಕಲ್ಲು ಅವನ ಕೈಯಲ್ಲಿತ್ತು. ಲಾರಿ ಜರುಗಿದ್ದು ಅವನ ಅಂಗಾಲಿಗೂ ತಿಳಿದಿತ್ತು. ಕಲ್ಲನ್ನು ಕೆಳಗಿಟ್ಟು, ಅದರ ಮೇಲೆ ಕವುಚಿ ಮಲಗಿ, ಎರಡೂ ಕೈಯಿಂದ ಅಪ್ಪಿಕೊಂಡ.

ಗದ್ದಲಕ್ಕೆ ಕೂಸು ಎಚ್ಚರಾಗಿ, ಅವ್ವನನ್ನು ಹುಡುಕಿ ಅತ್ತಿತು. ನೀರು ಈಗ ಸೀಟಿನ ಮೇಲಿತ್ತು. ಮುದಕವ್ವ ಸೀಟಿನ ಮೇಲೆ ಮೊಣಕಾಲೂರಿ, ತಲೆ ಚಾವಣಿಗೆ ಹತ್ತುವಂತೆ ಎದ್ದು, ಕೂಸನ್ನು ಎತ್ತರಕ್ಕೆ ಹಿಡಿದಳು. ಅದು ಅತ್ತು ಅತ್ತು ಉಸಿರು ಕಟ್ಟತೊಡಗಿತು. ಹಾಲು ಬಿಡಿಸಲು ಹೊರಟವಳು ಕುಬಸದ ಗಂಟು ಬಿಚ್ಚಿ ತನ್ನ ಒಣಗಿದ ಎದೆಯನ್ನೇ ಅದರ ಬಾಯಿಗಿಟ್ಟಳು. ಏನೂ ಬಾರದಿದ್ದರೂ ಕೂಸು ಚೀಪಿತು, ಸುಮ್ಮನಾಯಿತು. ಅದರ ಎದೆಬಡಿತ ಮುದುಕಿಗೆ, ಮುದುಕಿಯ ನಡುಕ ಅದಕ್ಕೆ, ಹೀಗೆ ಇಬ್ಬರೂ ಇದ್ದರು.

ಎಂಜಿನ್ನು ಒಮ್ಮೆ ಕೆಮ್ಮಿತು. ಮತ್ತೆ ಒಮ್ಮೆ. ಎರಡು ಕೆಮ್ಮಿನ ನಡುವೆ ಏನೂ ಇರಲಿಲ್ಲ, ಹಳ್ಳದ ಮೌನವೊಂದೇ ಇತ್ತು. ಮಕಬೂಲಸಾಬನ ಬಲಗಾಲು ತೊಡೆಯಿಂದ ನಡುಗುತ್ತಿತ್ತು. ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು, ಒಂದೇ ಕೈಯಲ್ಲಿ ಸ್ಟೇರಿಂಗು ತಿರುಗಿಸಿದ. ಆಳದ ವಿಷಯದಲ್ಲಿ ಬಸವಣ್ಣನನ್ನು ಇನ್ನು ಕೇಳುವಂತಿರಲಿಲ್ಲ. ಆದರೆ ಕೂತ ಜಾಗ ಅದೇ, ಮುಖ ಮಾಡಿದ ದಿಕ್ಕು ಅದೇ. ಮುಚ್ಚಳವನ್ನು ಮೆಲ್ಲಗೆ ಅವನ ಹಣೆಗೆ ತಂದ. ಅಲ್ಲಾ ಎಂದ, ಬಸವಣ್ಣಾ ಎಂದ, ಎರಡು ಹೆಸರಿನ ನಡುವೆ ಉಸಿರಿಗೂ ಜಾಗ ಇರಲಿಲ್ಲ.

ಮುಂದಿನ ಚಕ್ರಕ್ಕೆ ಏರು ಸಿಕ್ಕಿತು. ಬಾನೆಟ್ಟು ನೀರಿನಿಂದ ಎಮ್ಮೆಯ ಬೆನ್ನಿನಂತೆ ಎದ್ದಿತು.

ದಂಡೆ ಹತ್ತಿದ ಮೇಲೆ ಎಂಜಿನ್ನು ತಾನಾಗಿಯೇ ನಿಂತಿತು. ಬಾಗಿಲುಗಳಿಂದ ನೀರು ಸುರಿಯುತ್ತಿತ್ತು. ಮಕಬೂಲಸಾಬ ಇಳಿದು ನೆಲಕ್ಕೆ ಕೂತ. ಹಿಂದೆ ಮುರುಗೆಪ್ಪ ಕಲ್ಲನ್ನು ಇನ್ನೂ ಬಿಟ್ಟಿರಲಿಲ್ಲ.

"ಇಳಿಯೋ, ಬಂತು ದಂಡಿ," ಎಂದ ಮಕಬೂಲಸಾಬ.

"ಎತ್ತಿಗೆ ಭಾರ ಆಗತೈತಂತ..." ಎಂದ ಮುರುಗೆಪ್ಪ.

"ಎಲ್ಲಿ ಅದಾವೋ ಮಾರಾಯಾ ಎತ್ತು?"

ಮುರುಗೆಪ್ಪ ತಲೆಯೆತ್ತಿ ಲಾರಿಯ ಮುಂದೆ ನೋಡಿದ. ಎತ್ತಿಲ್ಲದ್ದು ಅವನಿಗೆ ಆಗಷ್ಟೇ ಕಂಡಂತಿತ್ತು.

ಮಕಬೂಲಸಾಬ ಬಸವಣ್ಣನ ಕಡೆ ತಿರುಗಿದ. "ನಿನ್ನ ನಂಬಿ ಇಳದಿದ್ನಿ," ಎಂದ, ಮುನಿದ ಗೆಳೆಯನಿಗೆ ಅನ್ನುವಂತೆ.

"ಅವನ್ನ ಬೈಬ್ಯಾಡೋ ತಮ್ಮಾ," ಎಂದಳು ಮುದಕವ್ವ. ಅವಳ ಹಲ್ಲು ಕಟಕಟ ಬಡಿಯುತ್ತಿದ್ದವು. "ಅಂವ ತಾನಾಗಿ ಏರಿಲ್ಲ. ನಾವು ಏರಿಸೇವಿ. ನಾ ಅವಗ ಕೈ ಮುಗಿಯಾಕ ಬರತಿದ್ನಿ. ನಿಮ್ಮಂಥಾವರು ಅವನ ಮಣಕಾಲ ನೋಡಿ ಬದಕತೀರಿ ಅನ್ನೂದು ನನಗೆಲ್ಲಿ ಗೊತ್ತು? ಊರ ಗಾಡ್ಯಾವರು ಕಟ್ಟಿ ಲೆಕ್ಕಾ ಹಿಡದ ದಾಟತಾರ. ಪರ ಊರಾವರಿಗೆ ಯಾರು ಹೇಳಬೇಕು?"

ಹಳ್ಳ ಇಳಿದ ಮೇಲೆ ಮಕಬೂಲಸಾಬ ಮುರುಗೆಪ್ಪನನ್ನು ಕರೆದುಕೊಂಡು ಬಂದ. ಒಗೆದ ಕಲ್ಲುಗಳಲ್ಲಿ ಒಂದು ಸೀಳಿತ್ತು, ಇನ್ನೊಂದು ಕೆಸರಿನಲ್ಲಿ ಇಡಿಯಾಗಿ ಸಿಕ್ಕಿತು. ಅದನ್ನು ತೊಳೆದು, ಮೊರಬದ ಕಡೆಯ ದಂಡೆಯಲ್ಲಿ, ಇಳಿಯುವವನ ಕಣ್ಣಿಗೆ ಮೊದಲು ಬೀಳುವಂತೆ ನೆಟ್ಟರು. ಹಳೆಯ ಮೊಣಕಾಲು, ಹಳೆಯ ಗಂಟೆ, ಹಳೆಯ ಕಿವಿ ಎಲ್ಲಿಗೆ ಬರುತ್ತಿದ್ದವೋ ಅಲ್ಲಿಗೆ ಉಳಿಯಿಂದ ಗೆರೆ ಕೊರೆದು ಸುಣ್ಣ ತುಂಬಿದರು. ಊರ ಹಿರಿಯ ಮಹಾದೇವಪ್ಪ ನಿಂತು ನೋಡಿದ. ಬಸವಣ್ಣನನ್ನು ಎತ್ತಿ ಕೂರಿಸಿದವರಲ್ಲಿ ಅವನೇ ಮುಂದಾಳು. ಅವನ ಕಣ್ಣು ಒದ್ದೆಯಾಗಿತ್ತು.

"ಮನಿಷ್ಯಾರ ಜೀವ ಉಳಸೂ ಕಲ್ಲು," ಎಂದ. "ಹಿಂಗ ಕೆಸರಾಗ ನಿಂದ್ರಸೂದು ಚಂದ ಅಲ್ಲ. ಸಣ್ಣದೊಂದು ಕಟ್ಟಿ ಕಟ್ಟಿಸೂನೇನು?"

ಮುದಕವ್ವ ಕಲ್ಲಿಗೆ ಅರಿಷಿಣ ಹಚ್ಚುತ್ತಿದ್ದಳು. ಕಂಕುಳಲ್ಲಿ ಯಂಕವ್ವ ರೊಟ್ಟಿಯ ಚೂರು ಕಚ್ಚುತ್ತಿತ್ತು.

"ಬ್ಯಾಡ ಕಾಕಾ," ಎಂದಳು. "ಇದಕ್ಕ ನೀರ ಬಡೀಬೇಕು. ಹೊಲಸ ನೀರಽ ಬಡೀಬೇಕು. ಇದು ಹಂತಾ ದೇವರು."

ಮರುವರ್ಷದ ಮಳೆಗಾಲದಲ್ಲಿ ಮಕಬೂಲಸಾಬ ಮತ್ತೆ ಕಲ್ಲು ಹೇರಿಕೊಂಡು ಹಳ್ಳಕ್ಕೆ ಬಂದ. ಬಿಸಿಲಿತ್ತು. ಹಳ್ಳ ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ಬಸವಣ್ಣನ ಮೊಣಕಾಲು ಮಾತ್ರ ಒದ್ದೆಯಾಗಿತ್ತು. ಈಚೆ ಅರಿಷಿಣದ ಕಲ್ಲಿನ ಎರಡು ಗೆರೆಗಳು ಮುಳುಗಿ, ಮೂರನೆಯದನ್ನು, ಕಿವಿಯ ಗೆರೆಯನ್ನು, ನೀರು ನೆಕ್ಕುತ್ತಿತ್ತು. ಅವನ ಬಲಗಾಲು ತಾನಾಗಿ ನಡುಗತೊಡಗಿತು. ಅದರ ಮೇಲೆ ಕೈಯಿಟ್ಟು, ಎಂಜಿನ್ನು ಆರಿಸಿದ.

ಮುರುಗೆಪ್ಪ ಹಿಂದೆ ಕಲ್ಲಿನ ಮೇಲೆ ಬುತ್ತಿ ಬಿಚ್ಚಿದ.