ಅಮ್ಮಾಜಮ್ಮನ ಕಾಲು, ಹೆಪ್ಪಾಗದ ಹಾಲು

೧
ಹೇಗೆ ಶುರು ಮಾಡಲಿ? ‘ರೈಬೋಸೋಮ್’ ಎಂದು ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ನಾನಾದರೂ ಅದನ್ನೇ ಮಾಡುತ್ತಿದ್ದೆ. ರೈಲಿನಿಂದ ಶುರು ಮಾಡೋಣ. ಬೂದಿಕೋಟೆಯ ಶಶಿರೇಖ ದಿನಾ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿ ರೈಲು ಹತ್ತಿ ಬೆಂಗಳೂರಿನ ಲ್ಯಾಬಿಗೆ ಹೋಗುತ್ತಾಳೆ. ಮನೆಯಲ್ಲಿ ತಾಯಿ ಅಮ್ಮಾಜಮ್ಮ. ಹಸು ಕಾಲು ತುಳಿದ ಗಾಯ ಕೀವಾಗಿದೆ, ಯಾವ ಆಂಟಿಬಯಾಟಿಕ್ಕೂ ನಾಟುತ್ತಿಲ್ಲ. ಬೆರಳು ಉಳಿಯುವುದು ಕಷ್ಟ ಎಂದಿದ್ದಾರೆ ಡಾಕ್ಟರು.

೨
ಈಗ ವಿಜ್ಞಾನ. (ಓಡಬೇಡಿ.) ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ಯಂತ್ರವೇ ರೈಬೋಸೋಮ್. ಅದನ್ನೊಂದು ಬುಲ್ಡೋಜರ್ ಎಂದುಕೊಳ್ಳಿ. ಹಳೆಯ ಔಷಧಿಗಳಲ್ಲಿ ಹಲವು, ಓಡುವ ಬುಲ್ಡೋಜರ್ ಇಂಜಿನ್ನಿಗೆ ಮರಳು ಸುರಿಯುತ್ತವೆ. ಶಶಿ ಹುಡುಕುತ್ತಿರುವುದು, ಬುಲ್ಡೋಜರ್ ಜೋಡಿಸುವ ಶೆಡ್ಡಿಗೇ ಬೀಗ ಹಾಕುವ ಔಷಧಿ. (ಬುಲ್ಡೋಜರ್ ಕಾರ್ಖಾನೆಯಿರುವ ಕೆಜಿಎಫ್‌ನಲ್ಲಿ ಹುಟ್ಟಿದವನಿಗೆ ಬೇರೆ ಉಪಮೆ ಹೊಳೆಯುವುದಿಲ್ಲ. ಚಿನ್ನ ಎಂದರೆ ನೀವೇ ನಗುತ್ತೀರಿ.)

೩
ಮೊದಲ ಕರಡು: ಶಶಿ ಲ್ಯಾಬಿನಿಂದ ಔಷಧಿ ಕದ್ದು ತರುತ್ತಾಳೆ, ತಾಯಿ ಎದ್ದು ಹಾಲು ಕರೆಯುತ್ತಾಳೆ.

“ಸರ್, ಅದನ್ನಿನ್ನೂ ಇಲಿಗೂ ಕೊಟ್ಟು ನೋಡಿಲ್ಲ. ಗಾಜಿನ ತಟ್ಟೆಯಲ್ಲಷ್ಟೇ ಕೆಲ್ಸ ಮಾಡಿದೆ,” ಎಂದಳು ಶಶಿ, ಕರಡಿನೊಳಗಿಂದಲೇ ನನಗೆ. “ಅಮ್ಮನ್ ಮೇಲೆ ಪ್ರಯೋಗ ಮಾಡ್ಲಾ?”

ಕರಡನ್ನು ಹರಿದೆ. (ಡಿಲೀಟ್ ಮಾಡಿದೆ. ‘ಹರಿದೆ’ ಎಂದರೆ ಸ್ವಲ್ಪ ತೂಕ ಬರುತ್ತದೆ.)

೪
ಎರಡನೆಯದು. ಕೆಚ್ಚಲುಬಾವು ಬಂದ ಹಸುವಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರೆ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಅಮ್ಮಾಜಮ್ಮ ನಿಯತ್ತಿನ ಹೆಂಗಸು, ಹಾಕಲಿಲ್ಲ. ಮನೆಯಲ್ಲೇ ಹೆಪ್ಪು ಹಾಕಿದಳು. ಮೊಸರಾಗಲಿಲ್ಲ, ಹಾಲಿಗಿಳಿದ ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೂ ತಡೆದಿತ್ತು. ಚೆಲ್ಲಲು ಮನಸ್ಸಾಗದೆ ಕುಡಿದಳು. ಪ್ರತಿ ಸಲವೂ ಹೀಗೇ.

ಆಹಾ, ಅವಳ ಮೈಯೊಳಗಿನ ಬ್ಯಾಕ್ಟೀರಿಯಾ ಔಷಧಿಗೆ ಪಳಗಿಬಿಟ್ಟಿವೆ, ನಾಟದಿರಲು ಕಾರಣ ಸಿಕ್ಕಿತು ಎಂದು ಕುಣಿದೆ.

“ಅದ್ರಿಂದ್ಲೇ ಅಂತ ಹೇಳಕ್ಕಾಗಲ್ಲ ಸರ್,” ಎಂದಳು ಶಶಿ.

ಥೂ, ಪಾತ್ರಗಳನ್ನು ಇಷ್ಟು ಓದಿಸಬಾರದು.

೫
ಮಂಚದಿಂದ ಅಮ್ಮಾಜಮ್ಮ ಕೂಗಿದಳು: “ಲೇ ಕಥೆಗಾರ, ಬರ್ದಾಗೆಲ್ಲಾ ನನ್ ಕಾಲಿನ ಕಟ್ಟು ಬಿಚ್ಚಿಸ್ತೀಯಲ್ಲ, ಉರೀತದೆ ಕಣ್ಲಾ! ಕೊನೇಗೆ ಏನ್ ಮಾಡ್ತೀಯ?”

“ಎರಡು ಮುಕ್ತಾಯ ಇಟ್ಟಿದ್ದೀನಮ್ಮ. ಒಂದ್ರಲ್ಲಿ ಬೆರಳು ಹೋಗುತ್ತೆ, ಒಂದ್ರಲ್ಲಿ ವಾಸಿಯಾಗುತ್ತೆ. ಓದೋರು ಆರಿಸ್ಕೊಳ್ಳಲಿ.”

“ಅವರ‍್ಯಾಕೆ ಆರಿಸ್ಬೇಕು? ಕಾಲು ನಂದು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಎರಡನ್ನೂ ಅಳಿಸಿದೆ.

ಶಶಿ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಹೋಗಲೋ ಬೇಡವೋ ಎಂದು.

“ಓಗು ಮಗಾ, ಬಸ್ಸು ತಪ್ಪೋಯ್ತದೆ,” ಎಂದಳು ತಾಯಿ. “ನಿನ್ ಔಸ್ದಿ ನಂಗಲ್ದಿದ್ರೂ ಇನ್ಯಾರಿಗಾದ್ರೂ ಆಯ್ತದೆ.”

ಶಶಿ ಕಣ್ಣೊರೆಸಿಕೊಂಡು ಓಡಿದಳು.

೬
ಕಾಲು ಏನಾಯಿತು ಎಂದು ನೀವು ಕೇಳುತ್ತೀರಿ. ಕಟ್ಟು ಬಿಚ್ಚಿದರೆ ಗೊತ್ತಾಗುತ್ತದೆ, ನಿಜ.

ಬಿಚ್ಚುವುದಿಲ್ಲ. ಆಕೆಗೆ ಉರಿಯುತ್ತದೆ.